ಟರ್ಬೊ ಪೆಟ್ರೋಲ್ ಕಾರಿನ ಗಾಳಿ ಪೈಪಿಗೆ ನೀರಿನ ಮಂಜು: ಕಂಟ್ರೋಲ್ ಹೇಗೆ? ನಮ್ಮ ಕರಾವಳಿ ಸೆಕೆಯಲ್ಲಿ ಉಪಯೋಗ ಉಂಟಾ?

ಘಾಟಿ_ಸವಾರ, ಕಾವೂರು

ಎಲ್ಲರಿಗೂ ನಮಸ್ಕಾರ. ನನ್ನದು 1 ಲೀಟರಿನ ಮೂರು ಸಿಲಿಂಡರ್ ಟರ್ಬೊ ಪೆಟ್ರೋಲ್ ಕಾರು. ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲ್ ನೇರ ಸಿಲಿಂಡರಿಗೇ ಬೀಳುತ್ತದೆ), 115 ಪಿಎಸ್, ಕಂಪನಿ ಟ್ಯೂನ್‌ನಲ್ಲೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಶಿರಾಡಿ ಘಾಟಿ ಹತ್ತುವಾಗ ಅರ್ಧ ದಾರಿಗೇ ಎಳೆತ ಕಡಿಮೆ ಆಗುತ್ತದೆ. ಇಂಜಿನ್ನಿನ ಅಂಕಿ ಓದುವ ಓಬಿಡಿ ಡಾಂಗಲ್ ಹಾಕಿ ನೋಡಿದರೆ ಇಂಜಿನ್ನಿಗೆ ಹೋಗುವ ಗಾಳಿಯ ಬಿಸಿ 60 ಡಿಗ್ರಿ ದಾಟಿರುತ್ತದೆ.

ಮುಂದೆ ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಶಕ್ತಿ ಏರಿಸುವುದು) ಮಾಡಿಸುವ ಆಸೆ ಉಂಟು. ಅದಕ್ಕೆ ಮೊದಲು, ಒಳಗೆ ಹೋಗುವ ಗಾಳಿ ತಣಿಸಲು ಗಾಳಿ ಪೈಪಿಗೆ ನೀರು ಸಿಂಪಡಿಸುವ ವ್ಯವಸ್ಥೆ ಹಾಕೋಣ ಅಂತ. ಹೊರದೇಶದ ಕಿಟ್ ತುಂಬ ದುಬಾರಿ. ಪಂಪು, ನಾಝಲ್, ಸೊಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಬೇರೆ ಬೇರೆ ತಂದು, ಇಎಸ್‌ಪಿ32 ಅನ್ನುವ ಸಣ್ಣ ಕಂಪ್ಯೂಟರ್ ಬೋರ್ಡಿನಲ್ಲಿ ಕಂಟ್ರೋಲರ್ ಮಾಡುವ ಯೋಚನೆ. ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಅರ್ಧ ಬಾರ್ ದಾಟಿದ ಕೂಡಲೇ ಪಂಪು ಆನ್, ಇಳಿದರೆ ಆಫ್. ಇಷ್ಟೇ ಸಾಕಾ? ಬಲ್ಲವರು ಹೇಳಿ.

ಪಾನೆ_ಹನ್ನೆರಡು

ಸಾಕಾಗುವುದಿಲ್ಲ. ಆನ್-ಆಫ್‌ನಲ್ಲಿ ಇಂಜಿನ್ ಓಡುತ್ತದೆ, ಆದರೆ ಓಡುವ ರೀತಿ ಚಂದ ಇರುವುದಿಲ್ಲ. ಅರ್ಧ ಬಾರ್ ಬೂಸ್ಟು 2000 ಆರ್‌ಪಿಎಮ್‌ನಲ್ಲೂ ಸಿಗುತ್ತದೆ, 5000ದಲ್ಲೂ ಸಿಗುತ್ತದೆ. ಆದರೆ 5000ದಲ್ಲಿ ಒಳಗೆ ಹೋಗುವ ಗಾಳಿ ಎರಡೂವರೆ ಪಟ್ಟು ಜಾಸ್ತಿ. ನಾಝಲ್ ಎರಡೂ ಕಡೆ ಒಂದೇ ಅಳತೆಯ ನೀರು ಬಿಟ್ಟರೆ, ಕೆಳಗೆ ನೀರು ಹೆಚ್ಚಾಗಿ ಇಂಜಿನ್ ಮುಗ್ಗರಿಸುತ್ತದೆ, ಮೇಲೆ ಹೋದಾಗ ಸಾಲುವುದಿಲ್ಲ. ಬೂಸ್ಟ್ ಅರ್ಧ ಬಾರ್ ಆಸುಪಾಸಿನಲ್ಲೇ ಆಡುತ್ತಿದ್ದರೆ ಪಂಪು ಟಕ ಟಕ ಅಂತ ಆನ್-ಆಫ್ ಆಗುತ್ತಿರುತ್ತದೆ. ಅದಕ್ಕೆ 0.5ಕ್ಕೆ ಆನ್, 0.4ಕ್ಕೆ ಆಫ್ ಅಂತ ಸ್ವಲ್ಪ ಅಂತರ ಇಡಬೇಕು.

ಕಾಲು ತೆಗೆದಾಗ ಇನ್ನೊಂದು ತಾಪತ್ರಯ. ಥ್ರಾಟಲ್, ಅಂದರೆ ಗಾಳಿ ಬಿಡುವ ಬಾಗಿಲು, ಮುಚ್ಚಿದ ಮೇಲೆ ಅದರ ಇಂಜಿನ್ ಬದಿ ನಿರ್ವಾತ. ನಾಝಲ್ ಅಲ್ಲಿದ್ದರೆ, ಪಂಪು ನಿಂತಿದ್ದರೂ ಇಂಜಿನ್ನೇ ಟ್ಯಾಂಕಿನಿಂದ ನೀರು ಹೀರುತ್ತದೆ. ಇಲ್ಲೇ ಊರಲ್ಲಿ ಒಂದು ಗ್ಯಾರೇಜಿನವರು ಹೀಗೆ ಹಾಕಿಕೊಟ್ಟ ಕಾರು ನನ್ನ ಹತ್ತಿರ ಬಂದಿತ್ತು. ಓನರ್ ದೂರು ಎಂತ ಅಂದರೆ, ಸಿಗ್ನಲ್‌ನಲ್ಲಿ ನಿಂತರೆ ಗಡಗಡ ನಡುಗುತ್ತದೆ, ನೀರು ಮಾತ್ರ ಬೇಗ ಖಾಲಿ. ನೋಡಿದರೆ ಪಂಪಿನ ಒತ್ತಡ ಬಂದಾಗ ಮಾತ್ರ ತೆರೆಯುವ ಚೆಕ್ ವಾಲ್ವೇ ಇಲ್ಲ. ಬಾನೆಟ್ ಎತ್ತಿ ಐಡಲ್‌ನಲ್ಲಿ ಬಿಟ್ಟರೆ ಪಾರದರ್ಶಕ ಪೈಪಿನಲ್ಲಿ ನೀರು ಮೆಲ್ಲ ಮೆಲ್ಲ ಮುಂದೆ ಹೋಗುವುದು ಕಣ್ಣಿಗೇ ಕಾಣುತ್ತಿತ್ತು.

ತೋಟದ_ಮನೆ, ಪುತ್ತೂರು

ಒಂದು ಪ್ರಶ್ನೆ. ಅಡಿಕೆಗೆ ಬೋರ್ಡೋ ದ್ರಾವಣ ಬಿಡುವ 12 ವೋಲ್ಟಿನ ಬ್ಯಾಟರಿ ಪಂಪು ಮನೆಯಲ್ಲಿ ಬಿದ್ದಿದೆ. ಅದು ಆಗುತ್ತದಾ? ಪಂಪಿನ ಸ್ಪೀಡ್ ಕಡಿಮೆ ಜಾಸ್ತಿ ಮಾಡಿದರೆ ನೀರೂ ಕಡಿಮೆ ಜಾಸ್ತಿ ಆಗುತ್ತದಲ್ವಾ? ಸೊಲೆನಾಯ್ಡ್ ಯಾಕೆ ಬೇಕು?

ಸುರತ್ಕಲ್_ಬೆಂಚ್

ಒಳ್ಳೆಯ ಪ್ರಶ್ನೆ. ಈ ವಿಷಯದ ಮರ್ಮವೇ ಅಲ್ಲಿದೆ, ಸ್ವಲ್ಪ ಉದ್ದ ಬರೆಯುತ್ತೇನೆ.

ನಾಝಲ್‌ನಿಂದ ಹೋಗುವ ನೀರು ಒತ್ತಡಕ್ಕೆ ಸರಿಸಮವಾಗಿ ಏರುವುದಿಲ್ಲ, ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. 10 ಬಾರ್‌ನಲ್ಲಿ ನಿಮಿಷಕ್ಕೆ 100 ಮಿಲಿ ಹೋಗುವ ನಾಝಲ್ ಅಂತ ಇಟ್ಟುಕೊಳ್ಳಿ. ಅದರಿಂದ 50 ಮಿಲಿ ಬೇಕಾದರೆ ಒತ್ತಡ 2.5 ಬಾರ್‌ಗೆ ಇಳಿಸಬೇಕು. 25 ಮಿಲಿ ಬೇಕಾದರೆ 0.6 ಬಾರ್! ಔಷಧಿ ಬಿಡುವವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಬ್ಯಾಟರಿ ಇಳಿದಾಗ ಮರದ ತುದಿಗೆ ಮಂಜು ಹೋಗುವ ಬದಲು ನಾಝಲ್ ಬಾಯಿಂದ ಹನಿ ತೊಟ್ಟಿಕ್ಕುತ್ತದಲ್ಲ, ಅದೇ ಕತೆ. ಪೈಪಿನ ಒಳಗೆ ಹನಿ ದಪ್ಪ ಆದರೆ ಗಾಳಿಯ ಜೊತೆ ತಿರುಗುವುದಿಲ್ಲ. ಗೋಡೆಗೆ ಅಂಟಿ, ಹರಿದು, ಯಾವುದೋ ಒಂದೇ ಸಿಲಿಂಡರಿಗೆ ಹೋಗಿ ಬೀಳುತ್ತದೆ. ಮೂರರಲ್ಲಿ ಒಂದಕ್ಕೆ ಸ್ನಾನ, ಇನ್ನೆರಡಕ್ಕೆ ಏನೂ ಇಲ್ಲ.

ಇನ್ನೊಂದು ವಿಷಯ. ಲೆಕ್ಕಕ್ಕೆ ಬರುವುದು ನಾಝಲ್‌ನ ಎರಡು ಬದಿಯ ಒತ್ತಡದ ವ್ಯತ್ಯಾಸ. ಒಳಗೆ 1 ಬಾರ್ ಬೂಸ್ಟ್ ಇದ್ದರೆ ಪಂಪಿನ 10ರಲ್ಲಿ ಉಪಯೋಗಕ್ಕೆ ಸಿಗುವುದು 9. ಅಂದರೆ ನೀರು ಹೆಚ್ಚು ಬೇಕಾದಾಗಲೇ ಸ್ವಲ್ಪ ಕಡಿಮೆ ಸಿಗುತ್ತದೆ.

ಹಾಗಾಗಿ ಪಂಪನ್ನು ಒಂದೇ ಒತ್ತಡದಲ್ಲಿ ಓಡಲು ಬಿಡಿ. ನಾಝಲ್ ಹತ್ತಿರ ವೇಗದ ಸೊಲೆನಾಯ್ಡ್ ಹಾಕಿ, ಅದು ಎಷ್ಟು ಹೊತ್ತು ತೆರೆದಿರಬೇಕು ಅನ್ನುವುದನ್ನು ಕಂಟ್ರೋಲ್ ಮಾಡಿ. ಇದೇ ಪಿಡಬ್ಲ್ಯುಎಂ. ಆಗ ನೀರು ಕಡಿಮೆ ಇದ್ದರೂ ಹನಿ ಸಣ್ಣದಾಗಿಯೇ ಇರುತ್ತದೆ. ಸೊಲೆನಾಯ್ಡ್‌ವರೆಗೆ ಪೈಪಿನಲ್ಲಿ ಒತ್ತಡ ತುಂಬಿರುವ ಕಾರಣ ಆಕ್ಸಿಲರೇಟರ್ ತುಳಿದ ಕೂಡಲೇ ನೀರು ಬರುತ್ತದೆ. ಪಾನೆಯವರು ಹೇಳಿದ ಹೀರುವ ತಾಪತ್ರಯವೂ ಇಲ್ಲ.

ಆರ್‌ಒ ನೀರಿನ ಮೆಷಿನ್ನಿನ ಸೊಲೆನಾಯ್ಡ್ ತರಬೇಡಿ. ತುಂಬ ನಿಧಾನ ಅದು. ನೇರವಾಗಿ ಎತ್ತುವ ಮಾದರಿಯ ವಾಲ್ವ್ ಬೇಕು. 30 ಹರ್ಟ್ಸ್‌ನಲ್ಲಿ ಓಡಿಸಿದರೆ ಒಂದು ಸುತ್ತಿಗೆ 33 ಮಿಲಿಸೆಕೆಂಡ್. ವಾಲ್ವ್ ತೆರೆಯುವುದಕ್ಕೇ 3-4 ಮಿಲಿಸೆಕೆಂಡ್ ತಿಂದರೆ, ತೆರೆದಿರುವ ಹೊತ್ತಿನ ಪಾಲು (ಡ್ಯೂಟಿ) 15 ಪರ್ಸೆಂಟ್‌ಗಿಂತ ಕೆಳಗೆ ಇಟ್ಟಾಗ ನೀವು ಕೊಟ್ಟ ಅಂಕಿಗೂ ಬರುವ ನೀರಿಗೂ ಸಂಬಂಧ ಇರುವುದಿಲ್ಲ. ಸೊಲೆನಾಯ್ಡ್ ಕಾಯಿಲ್‌ಗೆ ಅಡ್ಡ ಡಯೋಡ್ ಹಾಕಲೇಬೇಕು, ಇಲ್ಲದಿದ್ದರೆ ಅದನ್ನು ಆನ್-ಆಫ್ ಮಾಡುವ ಮಾಸ್‌ಫೆಟ್ ಸುಡುತ್ತದೆ.

ತೋಟದ ಪಂಪಿನ ಬಗ್ಗೆ: ಒತ್ತಡ ಕಡಿಮೆ, ಅದಕ್ಕಿಂತ ಹೆಚ್ಚಾಗಿ ಒಳಗೆ ಮೈಲುತುತ್ತು, ಸುಣ್ಣ ಕೂತಿರುತ್ತದೆ. ನಾಝಲ್ ತೂತು ಕೂದಲೆಳೆಯಷ್ಟು. ಮೊದಲ ದಿನವೇ ಕಟ್ಟಿಕೊಳ್ಳುತ್ತದೆ. ಬೇಡ.

ಘಾಟಿ_ಸವಾರ

ಅರ್ಥ ಆಯಿತು. ಹಾಗಾದರೆ ಎಷ್ಟು ನೀರು ಬಿಡಬೇಕು ಅಂತ ಕಂಟ್ರೋಲರಿಗೆ ಹೇಳುವುದು ಯಾವುದರಿಂದ? ಬೂಸ್ಟ್ ಮತ್ತು ಆರ್‌ಪಿಎಮ್ ಎರಡನ್ನೂ ಸೇರಿಸಿಯಾ?

ಸುರತ್ಕಲ್_ಬೆಂಚ್

ಹೌದು. ಬೂಸ್ಟ್ ಒಂದು ಕಡೆ, ಆರ್‌ಪಿಎಮ್ ಇನ್ನೊಂದು ಕಡೆ ಇಟ್ಟು ಒಂದು ಟೇಬಲ್. ಹಳೆಯ ಪೋರ್ಟ್ ಇಂಜೆಕ್ಷನ್ (ಪೆಟ್ರೋಲ್ ಗಾಳಿಯ ದಾರಿಯಲ್ಲೇ ಬೀಳುವ) ಕಾರಾಗಿದ್ದರೆ ಇನ್ನೂ ಸುಲಭ ಇತ್ತು. ಪೆಟ್ರೋಲ್ ಇಂಜೆಕ್ಟರಿನ ಸಿಗ್ನಲ್ ಓದಿದರೆ ಸಾಕು. ಪೆಟ್ರೋಲ್ ಹೇಗೂ ಗಾಳಿಗೆ ತಕ್ಕಷ್ಟು ಹೋಗುತ್ತದೆ, ಅದರ ಒಂದು ಪಾಲು ನೀರು. ನಿಮ್ಮದು ಡೈರೆಕ್ಟ್ ಇಂಜೆಕ್ಷನ್. ಅಲ್ಲಿ ಇಂಜೆಕ್ಟರ್ ಲೈನಿನಲ್ಲಿ ವೋಲ್ಟೇಜ್ ಜಾಸ್ತಿ, ಅಲೆಯ ಆಕಾರವೂ ಬೇರೆ. ಸುಮ್ನೆ ವೈರ್ ಚುಚ್ಚಿ ಓದಲು ಹೋದರೆ ಇಂಜಿನ್ ಕಂಪ್ಯೂಟರಿಗೇ (ಇಸಿಯು) ಪೆಟ್ಟು. ಓಬಿಡಿಯಿಂದ ತೆಗೆದುಕೊಳ್ಳೋಣ ಅಂದರೆ ಅಂಕಿ ಬರುವುದು ತಡ. ಗೇರ್ ಹಾಕಿ ತುಳಿದ ಮೇಲೆ ನೀರು ಬರುವಷ್ಟರಲ್ಲಿ ಓವರ್‌ಟೇಕ್ ಮುಗಿದಿರುತ್ತದೆ. ಬೂಸ್ಟಿಗೆ ಬೇರೆಯೇ ಒತ್ತಡದ ಸೆನ್ಸರ್ ಹಾಕಿ, ಆರ್‌ಪಿಎಮ್ ಕ್ರ್ಯಾಂಕ್ ಸೆನ್ಸರ್ ಅಥವಾ ಸ್ಪಾರ್ಕ್ ಕಾಯಿಲ್ ಸಿಗ್ನಲ್‌ನಿಂದ ತೆಗೆದುಕೊಳ್ಳಿ.

ಎಷ್ಟು ಅನ್ನುವುದಕ್ಕೆ ಲೆಕ್ಕ ಇಲ್ಲಿದೆ. 115 ಪಿಎಸ್ ಅಂದರೆ 85 ಕಿಲೋವ್ಯಾಟ್. ಫುಲ್ ತುಳಿದಾಗ ಗಂಟೆಗೆ ಕಿಲೋವ್ಯಾಟಿಗೆ 320 ಗ್ರಾಂ ಪೆಟ್ರೋಲ್ ಅಂತ ಹಿಡಿದರೆ ನಿಮಿಷಕ್ಕೆ ಸುಮಾರು 450 ಗ್ರಾಂ. ನೀರು ಸಾಮಾನ್ಯವಾಗಿ ಪೆಟ್ರೋಲಿನ ತೂಕದ 10ರಿಂದ 20 ಪರ್ಸೆಂಟ್. 15 ಇಟ್ಟುಕೊಂಡರೆ ನಿಮಿಷಕ್ಕೆ 68 ಮಿಲಿ. ನೋಡಿ, ಎಷ್ಟು ಕಡಿಮೆ! ಇದು ಫುಲ್ ಲೋಡ್ ಅಂಕಿ. 100 ಮಿಲಿಯ ಒಂದೇ ಸಣ್ಣ ನಾಝಲ್ ಸಾಕು. ದೊಡ್ಡದು ಹಾಕಿದರೆ ಕಂಟ್ರೋಲ್ ಮಾಡಲು ಜಾಗವೇ ಉಳಿಯುವುದಿಲ್ಲ.

ನಾಝಲ್ ಜಾಗ ಇಂಟರ್‌ಕೂಲರ್ (ಟರ್ಬೊದ ಬಿಸಿ ಗಾಳಿ ತಣಿಸುವ ರೇಡಿಯೇಟರ್) ಆದ ಮೇಲೆ, ಥ್ರಾಟಲ್‌ಗಿಂತ ಸ್ವಲ್ಪ ಮೊದಲು. ಗಾಳಿ ಅಳೆಯುವ ಸೆನ್ಸರಿಗಿಂತ ಮೊದಲು ಬೇಡ. ಟರ್ಬೊಗಿಂತ ಮೊದಲೂ ಬೇಡ, ಅಷ್ಟು ವೇಗದಲ್ಲಿ ತಿರುಗುವ ಕಂಪ್ರೆಸರ್ ರೆಕ್ಕೆಯನ್ನು ಹನಿಗಳು ಸವೆಸುತ್ತವೆ.

ಬಜ್ಪೆ_ರನ್‌ವೇ

ಮಕ್ಕಳೇ, ಇದು ನಮ್ಮ ಕಾಲದ ವಿದ್ಯೆ! ಎರಡನೇ ಮಹಾಯುದ್ಧದಲ್ಲಿ ಜರ್ಮನಿಯವರ ಎಂಡಬ್ಲ್ಯು50 ಅಂದರೆ ಇದೇ, ಅರ್ಧ ಮೆಥನಾಲ್, ಉಳಿದರ್ಧ ಹೆಚ್ಚುಕಡಿಮೆ ನೀರು. ಅಮೆರಿಕದ ಥಂಡರ್‌ಬೋಲ್ಟ್, ಕೊರ್ಸೇರ್ ವಿಮಾನಗಳ ಆರ್-2800 ಇಂಜಿನ್ನಿಗೂ ನೀರು ಬಿಡುತ್ತಿದ್ದರು. ಬಜ್ಪೆ ಏರ್‌ಪೋರ್ಟಿಗೆ ಮೊದಲು ಆವ್ರೋ ವಿಮಾನ ಬರುತ್ತಿತ್ತಲ್ಲ, ಅದರ ರೋಲ್ಸ್‌ರಾಯ್ಸ್ ಡಾರ್ಟ್ ಇಂಜಿನ್ನಿಗೂ ಸೆಕೆಯಲ್ಲಿ ಟೇಕಾಫ್ ಮಾಡಲು ನೀರು-ಮೆಥನಾಲ್ ಸೌಕರ್ಯ ಇತ್ತು. ಹ್ಯಾರಿಯರ್ ವಿಮಾನ ನಿಂತಲ್ಲೇ ಇಳಿಯುವಾಗಲೂ ನೀರು ಬಳಸುತ್ತಿತ್ತು.

ಕಾರಿನಲ್ಲಿ ಮೊದಲು ತಂದದ್ದು 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್. ಟರ್ಬೊ ಇಟ್ಟು, ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಒತ್ತುವ ಪಟ್ಟು) 10.25 ಇಟ್ಟು, ಅದನ್ನು ತಡೆದುಕೊಳ್ಳಲು ನೀರು-ಮೆಥನಾಲ್ ದ್ರವದ ಟ್ಯಾಂಕ್ ಇಟ್ಟರು. ದ್ರವ ಮುಗಿದರೆ ಬೂಸ್ಟ್ ತಾನಾಗಿಯೇ ಕಡಿಮೆ ಆಗುವ ವ್ಯವಸ್ಥೆಯೂ ಇತ್ತು. ಆದರೆ ಜನ ಟ್ಯಾಂಕ್ ತುಂಬಿಸುವುದನ್ನೇ ಮರೆತರು. ಆಮೇಲೆ ಕಾರು ಎಳೆಯುವುದಿಲ್ಲ ಅಂತ ದೂರು. ತಂತ್ರಜ್ಞಾನ ಬಿದ್ದದ್ದು ಅಲ್ಲಿ ಅಲ್ಲ, ಮನುಷ್ಯನ ಸೋಮಾರಿತನದಲ್ಲಿ.

ಮಲ್ಪೆ_ಡೀಸೆಲ್

ನಮ್ಮ ಬಂದರಿನಲ್ಲಿ ಒಬ್ಬ ಬಂದು ಬೋಟಿನ ಇಂಜಿನ್ನಿಗೆ ನೀರಿನ ಬಾಟಲಿ ಕಟ್ಟಿಕೊಡುತ್ತೇನೆ, ಡೀಸೆಲ್ ಕಾಲು ಭಾಗ ಉಳಿಯುತ್ತದೆ ಅಂತ ಹೇಳಿಹೋದ. ಗುಳುಗುಳು ಗುಳ್ಳೆ ಬರುವ ಬಾಟಲಿ, ಅದರಿಂದ ಏರ್ ಫಿಲ್ಟರಿಗೆ ಒಂದು ಪೈಪು. ನಿಜವಾ ಮಾರಾಯ್ರೆ?

ಪಾನೆ_ಹನ್ನೆರಡು

ಸುಳ್ಳು. ಆ ಗುಳ್ಳೆಯಿಂದ ಹೋಗುವ ಆವಿ ಮಲ್ಪೆಯ ಗಾಳಿಯಲ್ಲಿ ಮೊದಲೇ ಇರುವ ತೇವದ ಎದುರು ಲೆಕ್ಕಕ್ಕೇ ಇಲ್ಲ. ದೊಡ್ಡ ಹಡಗಿನ ಡೀಸೆಲ್ ಇಂಜಿನ್ನುಗಳಿಗೆ ನೀರು ಬಿಡುವುದು ನಿಜ. ಆದರೆ ಅದು ನೈಟ್ರೋಜನ್ ಆಕ್ಸೈಡ್ ಹೊಗೆ ಕಡಿಮೆ ಮಾಡಲು, ಡೀಸೆಲ್ ಉಳಿಸಲು ಅಲ್ಲ. ಅದಕ್ಕೆ ಬಳಸುವುದು ಬಾಟಲಿ ಅಲ್ಲ, ಅಳತೆಯ ಪಂಪು. ದುಡ್ಡು ಕೊಡಬೇಡಿ.

ಮಣಿಪಾಲ್_ಮಳೆ

ಮುಖ್ಯ ಪ್ರಶ್ನೆ ಯಾರೂ ಕೇಳಲಿಲ್ಲ. ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಪೈಪಿನೊಳಗೆ ನೀರು ಹೇಗೆ ಆವಿ ಆಗುತ್ತದೆ? ಏರ್ ಕೂಲರ್ ಕಲಬುರಗಿಯಲ್ಲಿ ಕೆಲಸ ಮಾಡುತ್ತದೆ, ಉಡುಪಿಯಲ್ಲಿ ಮಾಡುವುದಿಲ್ಲ. ಇದೂ ಹಾಗೇ ಅಲ್ವಾ?

ಸುರತ್ಕಲ್_ಬೆಂಚ್

ಅರ್ಧ ಸರಿ. ಊಹೆ ಬೇಡ, ಲೆಕ್ಕ ಹಾಕೋಣ.

ನೀರು ಆವಿಯಾಗಲು ಗ್ರಾಂಗೆ ಸುಮಾರು 2.4 ಕಿಲೋಜೂಲ್ ಶಾಖ ಹೀರುತ್ತದೆ. ಪೆಟ್ರೋಲಿಗೆ ಬೇಕಾಗುವುದು ಅದರ ಆರನೇ ಒಂದು ಭಾಗದ ಆಸುಪಾಸು. ಮೇಲಿನ ಇಂಜಿನ್ ನಿಮಿಷಕ್ಕೆ ಎಳೆದುಕೊಳ್ಳುವ ಗಾಳಿ ಸುಮಾರು 5.4 ಕಿಲೋ. 68 ಗ್ರಾಂ ನೀರು ಪೂರ್ತಿ ಪೈಪಿನಲ್ಲೇ ಆವಿ ಆದರೆ ಗಾಳಿ 30 ಡಿಗ್ರಿ ತಣ್ಣಗಾಗಬೇಕು. ಕಿಟ್ ಮಾರುವವರು ತೋರಿಸುವುದು ಈ ಅಂಕಿಯನ್ನೇ.

ಈಗ ಮಂಗಳೂರು. ಹೊರಗೆ 30 ಡಿಗ್ರಿ, ತೇವ 85 ಪರ್ಸೆಂಟ್. ಟರ್ಬೊ ಈ ಗಾಳಿಯನ್ನು ಎರಡು ಪಟ್ಟು ಒತ್ತುತ್ತದೆ, ಇಂಟರ್‌ಕೂಲರ್ ಆದ ಮೇಲೆ 55 ಡಿಗ್ರಿ ಅಂತ ಹಿಡಿಯಿರಿ. ಗಾಳಿ ಬಿಸಿ ಆದ ಕಾರಣ ತೇವ 45 ಪರ್ಸೆಂಟ್ ಚಿಲ್ಲರೆಗೆ ಇಳಿದಿರುತ್ತದೆ. ಅಂದರೆ ನೀರು ಕುಡಿಯಲು ಅದಕ್ಕೆ ಇನ್ನೂ ಜಾಗ ಉಂಟು. ಎಲ್ಲಿಯವರೆಗೆ? ಸುಮಾರು 43 ಡಿಗ್ರಿಗೆ ಬಂದಾಗ ಗಾಳಿ ತುಂಬಿಹೋಗುತ್ತದೆ. ಅಲ್ಲಿಗೆ 12 ಡಿಗ್ರಿ ಲಾಭ. ಆವಿ ಆದದ್ದು 68ರಲ್ಲಿ 27 ಗ್ರಾಂ ಆಸುಪಾಸು.

ಕಲಬುರಗಿಯಲ್ಲಿ 40 ಡಿಗ್ರಿ, ತೇವ 20 ಪರ್ಸೆಂಟ್, ಇಂಟರ್‌ಕೂಲರ್ ಆದ ಮೇಲೆ 65 ಡಿಗ್ರಿ ಅಂತ ಹಿಡಿದರೆ, ಗಾಳಿ 37-38ರವರೆಗೆ ಇಳಿಯುತ್ತದೆ. 27 ಡಿಗ್ರಿ ಲಾಭ, ಹೆಚ್ಚುಕಡಿಮೆ ಎಲ್ಲ ನೀರೂ ಆವಿ. ಪೈಪಿನೊಳಗೆ ಹನಿ ಆವಿಯಾಗಲು ಸಮಯವೂ ಕಡಿಮೆ, ಹಾಗಾಗಿ ಎರಡೂ ಊರಿನ ಈ ಅಂಕಿಗಳು ಗರಿಷ್ಠ ಮಿತಿ ಅಂತ ತಿಳಿಯಿರಿ.

ಆದರೆ ನಮ್ಮ ಉಳಿದ 41 ಗ್ರಾಂ ಹಾಳಾಗಲಿಲ್ಲ. ಅದು ಹನಿಯಾಗಿಯೇ ಸಿಲಿಂಡರ್ ಒಳಗೆ ಹೋಗುತ್ತದೆ. ಪಿಸ್ಟನ್ ಮೇಲೆ ಬಂದು ಒತ್ತುವಾಗ ಗಾಳಿ ನೂರಾರು ಡಿಗ್ರಿ ಬಿಸಿ ಆಗುತ್ತದೆ, ಅಲ್ಲಿ ಆವಿ ಆಗಲು ಯಾವ ಅಡ್ಡಿಯೂ ಇಲ್ಲ. ನಾಕಿಂಗ್, ಅಂದರೆ ಒಳಗಿನ ಪೆಟ್ರೋಲ್-ಗಾಳಿ ತಾನಾಗಿಯೇ ಸಿಡಿಯುವುದನ್ನು, ತಡೆಯಬೇಕಾದ ಜಾಗವೂ ಅದೇ. ಹಾಗಾಗಿ ಕರಾವಳಿಯಲ್ಲಿ ಡಾಂಗಲ್ ತೋರಿಸುವ ಗಾಳಿಯ ಉಷ್ಣಾಂಶ ಜಾಸ್ತಿ ಇಳಿಯದಿದ್ದರೂ ನಾಕಿಂಗ್ ಕಡಿಮೆ ಆಗಿರಬಹುದು. ಅದೇ ಕಾರಣಕ್ಕೆ ಇಲ್ಲಿ ಹನಿಯ ಗಾತ್ರ, ಮೂರೂ ಸಿಲಿಂಡರಿಗೆ ಸಮ ಹಂಚಿಕೆ ಇನ್ನೂ ಮುಖ್ಯ. ಗಾಳಿಯ ಉಷ್ಣಾಂಶ ನೋಡಿ ನೀರು ಹೆಚ್ಚಿಸುತ್ತಾ ಹೋಗುವ ಕಂಟ್ರೋಲ್ ಮಾತ್ರ ಇಲ್ಲಿ ಬರೆಯಬೇಡಿ. ಗಾಳಿ ತುಂಬಿದ ಮೇಲೆ ಉಷ್ಣಾಂಶ ಇಳಿಯುವುದೇ ಇಲ್ಲ, ಕಂಟ್ರೋಲರ್ ಪಾಪ ನೀರು ಸುರಿಯುತ್ತಲೇ ಇರುತ್ತದೆ.

ಮಣಿಪಾಲ್_ಮಳೆ

ಇದು ಒಪ್ಪುವಂಥ ಮಾತು. ಹಾಗಾದರೆ ಮೆಥನಾಲ್ ಸೇರಿಸಿದರೆ? ಅದು ತೇವ ಇರುವ ಗಾಳಿಯಲ್ಲೂ ಆವಿ ಆಗುತ್ತದಲ್ಲ.

ಪಾನೆ_ಹನ್ನೆರಡು

ಆಗುತ್ತದೆ. ಆದರೆ ನನ್ನ ಸಲಹೆ ಬೇಡ. ಅದು ವಿಷ, ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗುತ್ತದೆ. ಕಳ್ಳಭಟ್ಟಿ ಸಾವುಗಳಲ್ಲಿ ಹೆಚ್ಚಾಗಿ ಸಿಗುವುದು ಇದೇ. ಬೆಂಕಿ ಹಿಡಿದರೆ ಹಗಲಲ್ಲಿ ಜ್ವಾಲೆ ಕಾಣುವುದೂ ಇಲ್ಲ. ಅಲ್ಯೂಮಿನಿಯಂ, ಕೆಲವು ರಬ್ಬರ್ ಸೀಲು ತಿನ್ನುತ್ತದೆ. ಚಳಿ ದೇಶದವರು ಟ್ಯಾಂಕ್ ಹೆಪ್ಪುಗಟ್ಟಬಾರದು ಅಂತಲೂ ಮೆಥನಾಲ್ ಹಾಕುತ್ತಾರೆ. ನಮಗೆ ಆ ಚಿಂತೆ ಎಲ್ಲಿ? ಮತ್ತೆ ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲೇ 20 ಪರ್ಸೆಂಟ್ ಎಥನಾಲ್ ಉಂಟು. ಅದು ಆಕ್ಟೇನ್ ಏರಿಸುತ್ತದೆ, ತಣಿಸುವ ಕೆಲಸವನ್ನೂ ಸ್ವಲ್ಪ ಮಾಡುತ್ತದೆ. ಬರೀ ನೀರು ಸಾಕು.

ತೋಟದ_ಮನೆ

ನಮ್ಮ ಬಾವಿ ನೀರು ಎಷ್ಟು ಸಿಹಿ. ಅದನ್ನೇ ಹಾಕಬಹುದಲ್ವಾ? ಅಥವಾ ಎಸಿಯಿಂದ ಬೀಳುವ ನೀರು?

ಸುರತ್ಕಲ್_ಬೆಂಚ್

ಬಾವಿ ನೀರು ಬೇಡ. ಮುರಕಲ್ಲಿನ ಊರು, ಹಲವು ಕಡೆ ಕಬ್ಬಿಣದ ಅಂಶ ಇರುತ್ತದೆ. ಬಿಳಿ ಬಕೆಟ್ ಕೆಂಪಾಗುವುದು ನೋಡಿಲ್ವಾ? ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ.

ಎಸಿ ನೀರು ತಮಾಷೆ ಅಲ್ಲ. ಬಿಎಂಡಬ್ಲ್ಯು ತನ್ನ ಮೂರು ಸಿಲಿಂಡರಿನ ಪ್ರಯೋಗದ ಕಾರಿನಲ್ಲಿ ಎಸಿ ನೀರನ್ನೇ ಟ್ಯಾಂಕಿಗೆ ಬಿಟ್ಟಿತ್ತು. ಮಾರಾಟಕ್ಕೆ ಬಂದ ಎಂ4 ಜಿಟಿಎಸ್‌ನಲ್ಲಿ ಮಾತ್ರ 5 ಲೀಟರ್ ಟ್ಯಾಂಕ್ ಡಿಕ್ಕಿಯಲ್ಲಿಟ್ಟು ಕೈಯಲ್ಲೇ ತುಂಬಿಸಬೇಕಿತ್ತು, ಅದಕ್ಕೆ 10 ಬಾರ್ ಒತ್ತಡ, ಮೂರು ಇಂಜೆಕ್ಟರ್. ಕರಾವಳಿಯಲ್ಲಿ ಎಸಿ ನೀರಿಗೆ ಬರ ಇಲ್ಲ. ಆದರೆ ಕಾಯಿಲ್ ಮೇಲಿನ ಧೂಳು, ಪಾಚಿ ಜೊತೆಗೇ ಬರುತ್ತದೆ. ಒಳ್ಳೆಯ ಫಿಲ್ಟರ್ ಇಲ್ಲದೆ ಬೇಡ.

ಘಾಟಿ_ಸವಾರ

ನೀರು ನಿಂತುಹೋದರೆ? ನಾಝಲ್ ಕಟ್ಟಿದರೆ? ಟ್ಯೂನ್ ಏರಿಸಿದ ಮೇಲೆ ಅದೇ ಹೆದರಿಕೆ.

ಪಾನೆ_ಹನ್ನೆರಡು

ಹೆದರಿಕೆ ಎರಡು ಕಡೆ ಇರಬೇಕು. ನೀರು ಬಾರದೇ ಇರುವುದು ಒಂದು, ಬೇಡದಾಗ ಬರುವುದು ಇನ್ನೊಂದು. ಎರಡನೆಯದನ್ನು ಯಾರೂ ಯೋಚಿಸುವುದಿಲ್ಲ.

ನಿಮ್ಮ ಒಂದು ಸಿಲಿಂಡರ್ 333 ಸಿಸಿ. ಕಂಪ್ರೆಷನ್ 10 ಅಂತ ಹಿಡಿದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 37 ಸಿಸಿ. ಅಂದರೆ ಅರ್ಧ ಚಾಯ್ ಗ್ಲಾಸಿಗಿಂತ ಕಡಿಮೆ ನೀರು ಒಂದೇ ಸಿಲಿಂಡರಿನಲ್ಲಿ ಸೇರಿದರೆ ಸಾಕು, ಸ್ಟಾರ್ಟ್ ಹೊಡೆದಾಗ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಮಳೆಗಾಲದಲ್ಲಿ ಮಂಗಳೂರಿನ ಪಂಪ್‌ವೆಲ್ ನೀರಲ್ಲಿ ಕಾರು ನುಗ್ಗಿಸಿ ಇಂಜಿನ್ ಹೋದವರನ್ನು ಕೇಳಿ. ಟ್ಯಾಂಕ್ ನಾಝಲ್‌ಗಿಂತ ಎತ್ತರದಲ್ಲಿದ್ದು, ವಾಲ್ವ್ ಸೋರಿದರೆ ಒಂದು ರಾತ್ರಿ ಸಾಕು. ಟ್ಯಾಂಕ್ ಕೆಳಗೆ ಇಡಿ. ಸೊಲೆನಾಯ್ಡ್ ಕರೆಂಟ್ ಇಲ್ಲದಾಗ ಮುಚ್ಚಿರುವ ಜಾತಿಯದ್ದಾಗಿರಲಿ. ಬೋರ್ಡ್ ರೀಸೆಟ್ ಆದಾಗ ಪಿನ್ ಆನ್ ಆಗದ ಹಾಗೆ ಪುಲ್‌ಡೌನ್ ರೆಸಿಸ್ಟರ್ ಹಾಕಿ. ಇಎಸ್‌ಪಿ32ರ ಕೆಲವು ಪಿನ್‌ಗಳು ಬೂಟ್ ಆಗುವಾಗ ಒಂದು ಕ್ಷಣ ಹೈ ಆಗುತ್ತವೆ, ಅಂಥ ಪಿನ್ ಬಿಡಿ.

ಸುರತ್ಕಲ್_ಬೆಂಚ್

ಬಾರದೇ ಇರುವುದಕ್ಕೆ: ಪಂಪಿಗೂ ಸೊಲೆನಾಯ್ಡಿಗೂ ನಡುವೆ ಒತ್ತಡದ ಸೆನ್ಸರ್, ಜೊತೆಗೆ ಹರಿವಿನ ಸೆನ್ಸರ್. ಒತ್ತಡ ಇದ್ದು ಹರಿವು ಇಲ್ಲ ಅಂದರೆ ನಾಝಲ್ ಕಟ್ಟಿದೆ. ಹರಿವು ಜಾಸ್ತಿ, ಒತ್ತಡ ಬಿದ್ದಿದೆ ಅಂದರೆ ಪೈಪ್ ಬಿಚ್ಚಿದೆ. ಎರಡೂ ಇಲ್ಲ ಅಂದರೆ ಪಂಪು ಅಥವಾ ಟ್ಯಾಂಕ್. ಮೂರರಲ್ಲಿ ಯಾವುದು ಆದರೂ ಬೂಸ್ಟ್ ತಾನಾಗಿಯೇ ಇಳಿಯಬೇಕು. ಬರೀ ಕೆಂಪು ದೀಪ ಹೊತ್ತಿದರೆ ಸಾಲದು, ಚಾರ್ಮಾಡಿ ತಿರುವಿನಲ್ಲಿ ದೀಪ ನೋಡುವವರು ಯಾರು?

ಇದಕ್ಕಿಂತ ದೊಡ್ಡ ಮಾತು ಟ್ಯೂನ್‌ನದ್ದು. ನೀರಿಲ್ಲದೆಯೂ ಬದುಕುವ ಟ್ಯೂನ್ ಮಾಡಿಸಿ. ನಾಕ್ ಸೆನ್ಸರ್ ಟೈಮಿಂಗ್ ಹಿಂದೆ ತೆಗೆದು (ಸ್ಪಾರ್ಕ್ ತಡ ಮಾಡಿಸಿ) ಕಾಪಾಡುವಷ್ಟು ಅಂತರ ಉಳಿದಿರಲಿ. ನೀರು ನಿಂತ ಮರುಕ್ಷಣ ಪಿಸ್ಟನ್ ಕರಗುವಂಥ ಟ್ಯೂನ್ ರೇಸಿನವರಿಗೆ, ಉಪ್ಪಿನಂಗಡಿ ದಾಟಿ ಬೆಂಗಳೂರಿಗೆ ಹೋಗುವವರಿಗೆ ಅಲ್ಲ.

ಬಜ್ಪೆ_ರನ್‌ವೇ

ಮತ್ತೆ ಆರ್‌ಟಿಒ? ಕಂಪನಿ ಕೊಟ್ಟ ವಿವರಕ್ಕಿಂತ ಬೇರೆ ಆಗುವಂತೆ ವಾಹನ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆ ಹಾಕುತ್ತದೆ. ವಾರಂಟಿ, ಇನ್ಶೂರೆನ್ಸ್ ಎರಡಕ್ಕೂ ತೊಡಕು. ಇದನ್ನೂ ತಲೆಯಲ್ಲಿಡಿ.

ಪಾನೆ_ಹನ್ನೆರಡು

ಅದೂ ಹೌದು. ನಿಮ್ಮ ಮೂಲ ಪ್ರಶ್ನೆಗೆ ಬಂದರೆ, ಶಿರಾಡಿಯಲ್ಲಿ ಲಾರಿ ಹಿಂದೆ 20ರಲ್ಲಿ ತೆವಳುವಾಗ ಇಂಟರ್‌ಕೂಲರಿಗೆ ಗಾಳಿಯೇ ಸಿಗುವುದಿಲ್ಲ. ಆಗ ಬೂಸ್ಟೂ ಇಲ್ಲ, ಹಾಗಾಗಿ ನಿಮ್ಮ ಕಂಟ್ರೋಲರ್ ನೀರೂ ಬಿಡುವುದಿಲ್ಲ. ಬಿಸಿ ಅಲ್ಲಿ ಸೇರಿಕೊಳ್ಳುತ್ತದೆ. ಮೊದಲು ಇಂಟರ್‌ಕೂಲರ್ ಮುಂದೆ ಕೆಸರು, ಹುಳ ಕಟ್ಟಿದೆಯಾ ನೋಡಿ. ಪೈಪಿನ ಜಾಯಿಂಟ್ ಸೋರುತ್ತದಾ ನೋಡಿ. ಟೈಮಿಂಗ್ ನಿಜವಾಗಿ ಹಿಂದೆ ಹೋಗುತ್ತಿದೆಯಾ ಅಂತ ಲಾಗ್ ಮಾಡಿ. ಹೋಗದಿದ್ದರೆ ನೀರು ಹಾಕಿ ಉಪಯೋಗವೇ ಇಲ್ಲ, ಸಿಲಿಂಡರಿನಲ್ಲಿ ನೀರಿನ ಆವಿ ಗಾಳಿಯ ಜಾಗ ತಿನ್ನುತ್ತದೆ ಅಷ್ಟೆ.

ಘಾಟಿ_ಸವಾರ

ಸರಿ. ಈ ವಾರ ಲಾಗ್ ತೆಗೆಯುತ್ತೇನೆ. ಬೂಸ್ಟ್, ಗಾಳಿಯ ಬಿಸಿ, ಟೈಮಿಂಗ್, ಆರ್‌ಪಿಎಮ್ ನಾಲ್ಕೂ. ಸೊಲೆನಾಯ್ಡ್ ಸದ್ಯಕ್ಕೆ ತರಿಸುವುದಿಲ್ಲ. ಮನೆಯಲ್ಲಿ ಹಳೆಯ ಪೆಟ್ರೋಲ್ ಇಂಜೆಕ್ಟರ್ ಇದೆ, ಮೇಜಿನ ಮೇಲೆ ಪಿಡಬ್ಲ್ಯುಎಂ ಕಲಿಯಲು ಅದು ಸಾಕಾ?

ಸುರತ್ಕಲ್_ಬೆಂಚ್

ಕಲಿಯಲು ಸಾಕು. 3 ಬಾರ್‌ನಲ್ಲಿ ನೀರು ಬಿಟ್ಟು, ಒಂದು ನಿಮಿಷದ ನೀರನ್ನು ಅಳತೆ ಗ್ಲಾಸಿನಲ್ಲಿ ಹಿಡಿದು, ಡ್ಯೂಟಿ 10ರಿಂದ 90ರವರೆಗೆ ಗ್ರಾಫ್ ಹಾಕಿ. ಕೆಳಗೆ ಎಲ್ಲಿ ಗೆರೆ ಬಾಗುತ್ತದೆ ಅಂತ ಗೊತ್ತಾಗುತ್ತದೆ. ಕಾರಿಗೆ ಹಾಕಬೇಡಿ, ಒಳಗಿನ ಉಕ್ಕು ನೀರಿಗೆ ತುಕ್ಕು ಹಿಡಿಯುತ್ತದೆ. ಪ್ರಯೋಗ ಮುಗಿದ ಮೇಲೆ ಡಬ್ಲ್ಯುಡಿ-40 ಹೊಡೆದಿಡಿ. ಲಾಗ್ ಫೈಲ್ ಇಲ್ಲೇ ಹಾಕಿ, ಟೈಮಿಂಗ್ ಕಾಲಂ ಸಿಲಿಂಡರ್‌ಗೆ ಒಂದರಂತೆ ಬೇರೆ ಬೇರೆ ಇರಲಿ.